ಜಿಗಿಯುವ ಕುದುರೆಗೆ ಸರಿಯಾದ ಗರ್ತ್: ಗೆಲ್ಲಬೇಕೆನ್ನುವ ಸವಾರರಿಗೆ 8 ಸೂತ್ರಗಳು

ವಿಜಯಪುರದ ಸೈನಿಕ ಶಾಲೆ ಮುಗಿಸಿ ಖಡಕ್‌ವಾಸ್ಲಾದ ಎನ್‌ಡಿಎಗೆ ಬಂದವರೇ? ಪುಣೆಯಲ್ಲಿ ಐಟಿ ಕೆಲಸ ಮಾಡುತ್ತ ವಾರಾಂತ್ಯಕ್ಕೆ ರೈಡಿಂಗ್ ಕಲಿಯುವವರೇ? ಹಾಗಿದ್ದರೆ ಗುರಿ ದೊಡ್ಡದಿರಲಿ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನ ಈವೆಂಟಿಂಗ್‌ನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದರು. ಈ ಕ್ರೀಡೆಯ ವೈಯಕ್ತಿಕ ವಿಭಾಗದಲ್ಲಿ ಭಾರತಕ್ಕೆ 1982ರ ನಂತರ ಸಿಕ್ಕ ಮೊದಲ ಪದಕ ಅದು. ಆ ಮಟ್ಟದ ಸವಾರರು ಗರ್ತನ್ನೂ ಅಳೆದು ತೂಗಿ ಆರಿಸುತ್ತಾರೆ. ಜೀನನ್ನು ಹಿಡಿದಿಡುವ, ಲಾಯದ ಸೈಸ್‌ಗಳು 'ತಂಗ್' ಎನ್ನುವ, ಎದೆಯಡಿಯ ಆ ಪಟ್ಟಿಯನ್ನು ನೀವೂ ಹಾಗೆಯೇ ಆರಿಸಿ.

1. ಬಿಗಿದು ಧೈರ್ಯ ತಂದುಕೊಳ್ಳುವ ಅಭ್ಯಾಸ ಬಿಡಿ.
ಜೀನು ಜಾರೀತೆಂಬ ಅಳುಕಿಗೆ ಹೊಸ ಸವಾರರು ಇನ್ನೊಂದು ರಂಧ್ರ ಎಳೆದುಬಿಡುತ್ತಾರೆ. ಎಳೆಯಬೇಡಿ. ಆಸ್ಟ್ರೇಲಿಯಾದಲ್ಲಿ ಬೋವರ್ಸ್ ಮತ್ತು ಸ್ಲೋಕೋಂಬ್ ಎಂಬ ಸಂಶೋಧಕರು ರೇಸ್ ಕುದುರೆಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದ್ದಾರೆ. ಬಿಗಿ ಹೆಚ್ಚಿದಷ್ಟೂ ಕುದುರೆ ಬೇಗ ದಣಿಯಿತು. ಜೀನು ನಿಲ್ಲದಿದ್ದರೆ ಮೊದಲು ಅದರ ಫಿಟಿಂಗ್ ಪರೀಕ್ಷಿಸಿ, ಬ್ರೆಸ್ಟ್‌ಪ್ಲೇಟ್ ಬಳಸಿ. ಬೆನ್ನಿಗೆ ಹೊಂದದ ಜೀನನ್ನು ಯಾವ ಗರ್ತೂ ಸರಿಪಡಿಸದು.

2. ಒತ್ತಡ ಎಲ್ಲಿ ಬೀಳುತ್ತದೆಂದು ತಿಳಿದು ಆರಿಸಿ.
ಒತ್ತಡವೆಲ್ಲ ಎದೆಮೂಳೆಯ ಕೆಳಗೆ ಎಂದು ಬಹಳ ಕಾಲ ನಂಬಲಾಗಿತ್ತು. ಬ್ರಿಟನ್ನಿನಲ್ಲಿ ರೇಚಲ್ ಮರ್ರೆ ಮತ್ತು ಸಂಗಡಿಗರು ಗರ್ತ್ ಅಡಿಯಲ್ಲಿ ಸೆನ್ಸರ್ ಇಟ್ಟು ಅಳೆದು, 2013ರಲ್ಲಿ ಬೇರೆಯದೇ ಫಲಿತಾಂಶ ಪ್ರಕಟಿಸಿದರು. ಹೆಚ್ಚಿನ ಒತ್ತಡ ಬೀಳುತ್ತಿದ್ದದ್ದು ಮುಂಗಾಲಿನ ಮೊಣಕೈ ಹಿಂದಿನ ಸ್ನಾಯುಗಳ ಮೇಲೆ. ಅಲ್ಲಿ ಒತ್ತಡ ತಗ್ಗಿಸುವ ವಿನ್ಯಾಸದ ಗರ್ತ್ ಹಾಕಿದಾಗ ಮುಂಗಾಲು ಇನ್ನಷ್ಟು ಮುಂದಕ್ಕೆ ಚಾಚಿತು, ಕಾಲಿನ ಮಡಚುವಿಕೆಯೂ ಹೆಚ್ಚಿತು. ಜಂಪಿಂಗ್‌ಗೆ ಬೇಕಾದದ್ದು ಇದೇ ತಾನೆ? ಹಾಗಾಗಿ ಮೊಣಕೈ ಬಳಿ ಒಳಕ್ಕೆ ಕತ್ತರಿಸಿದ ಅನಾಟಮಿಕಲ್ ಗರ್ತನ್ನು ಮೊದಲು ನೋಡಿ. ಆದರೆ ಎಲ್ಲ ಕುದುರೆಗೂ ಒಂದೇ ಆಕಾರ ಒಗ್ಗುವುದಿಲ್ಲ. ಹಾಕಿ, ಟ್ರಾಟ್ ಮಾಡಿಸಿ, ಹೆಜ್ಜೆ ನೋಡಿ, ಆಮೇಲೆ ದುಡ್ಡು ಕೊಡಿ.

3. ಬೆಲ್ಲಿ ಗಾರ್ಡ್ ಬೇಕೇ ಎಂಬುದನ್ನು ಕುದುರೆಯ ಕಾಲು ನೋಡಿ ನಿರ್ಧರಿಸಿ.
ಅಡೆತಡೆ ದಾಟುವಾಗ ಒಳ್ಳೆಯ ಜಂಪರ್ ಮುಂಗಾಲುಗಳನ್ನು ಎದೆಗೆ ಒತ್ತುವಂತೆ ಮಡಚುತ್ತದೆ. ಆ ಕ್ಷಣದಲ್ಲಿ ಲಾಳ ಹೊಟ್ಟೆಗೆ ತಾಗಬಹುದು. ಒದ್ದೆ ಹುಲ್ಲಿನಲ್ಲಿ ಜಾರದಿರಲೆಂದು ಲಾಳಕ್ಕೆ ತಿರುಪಿನ ಸ್ಟಡ್ ಹಾಕಿದ್ದರಂತೂ ಚರ್ಮ ಹರಿಯುವ ಅಪಾಯವಿದೆ. ಎದೆಯಡಿ ಅಗಲವಾಗಿ ಹರಡಿದ ಬೆಲ್ಲಿ ಗಾರ್ಡ್ ಈ ಪೆಟ್ಟನ್ನು ತಡೆಯುತ್ತದೆ. ಸ್ಟಡ್ ಹಾಕುತ್ತೀರಾ, ಹೊಟ್ಟೆಯ ಮೇಲೆ ಗೊರಸಿನ ಗುರುತು ಕಂಡಿದ್ದೀರಾ? ಹಾಗಿದ್ದರೆ ತಡಮಾಡದೆ ಕೊಳ್ಳಿ. ಮರಳಿನ ಅರೇನಾದಲ್ಲಿ, ಸ್ಟಡ್ ಇಲ್ಲದೆ, ತಗ್ಗಿನ ಕಂಬಗಳನ್ನಷ್ಟೇ ದಾಟುತ್ತಿದ್ದರೆ ಬೇಡ. ಅದು ಭಾರ ಹೆಚ್ಚು, ಸೆಖೆಯೂ ಹೆಚ್ಚು. ಕೊಳ್ಳುವುದೇ ಆದರೆ ಗಾರ್ಡ್ ಎದೆಯ ನಡುಗೆರೆಗೆ ನೇರ ಕೂರಬೇಕು, ಅದರ ಮುಂದಿನ ಅಂಚು ಮೊಣಕೈಗೆ ಉಜ್ಜಬಾರದು. ಚೆಂದ ಕಾಣುತ್ತದೆಂದು ಕೊಂಡು ಪ್ರತಿದಿನ ಹಾಕುವುದು ಕುದುರೆಗೆ ಮಾಡುವ ಅನ್ಯಾಯ.

4. ಎಲಾಸ್ಟಿಕ್ ಎರಡೂ ತುದಿಗೆ ಇರಲಿ.
ಒಂದೇ ಕಡೆ ಇದ್ದರೆ ಆ ಬದಿ ಮಾತ್ರ ಹಿಗ್ಗುತ್ತದೆ, ಜೀನಿನ ಮೇಲಿನ ಎಳೆತ ಎರಡು ಬದಿಗೆ ಸಮವಾಗುವುದಿಲ್ಲ. ಆದರೆ ಎಲಾಸ್ಟಿಕ್ ಇದ್ದಾಗ ಸಲೀಸಾಗಿ ಅತಿ ಬಿಗಿ ಎಳೆದುಬಿಡಬಹುದು. ಎಚ್ಚರವಿರಲಿ.

5. ಅಂದಾಜು ಬಿಡಿ, ಟೇಪ್ ಹಿಡಿಯಿರಿ.
ಜೀನು ಹಾಕಿ. ಒಂದು ಬದಿಯ ಬಿಲೆಟ್ ಪಟ್ಟಿಯ ನಡು ರಂಧ್ರದಿಂದ ಎದೆಯಡಿ ಹಾದು ಇನ್ನೊಂದು ಬದಿಯ ನಡು ರಂಧ್ರದವರೆಗೆ ಅಳೆಯಿರಿ. ಹೀಗೆ ಕೊಂಡರೆ ಬಿಗಿಯಲೂ ಸಡಿಲಿಸಲೂ ಜಾಗ ಉಳಿಯುತ್ತದೆ. ಗಿಡ್ಡವಾದರೆ ಬಕಲ್ ಮೊಣಕೈ ಹತ್ತಿರ ಕೂತು ಹುಣ್ಣು ಮಾಡುತ್ತದೆ, ಉದ್ದವಾದರೆ ನಿಮ್ಮ ಕಾಲಿಗೇ ಒತ್ತುತ್ತದೆ. ನಿಮ್ಮದು ಉದ್ದ ಬಿಲೆಟ್‌ನ ಮೊನೋಫ್ಲ್ಯಾಪ್ ಜೀನಾದರೆ ಗಿಡ್ಡ ಗರ್ತನ್ನೇ ಕೇಳಿ.

6. ಪುಣೆಯ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.
ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆದರ್ ಬೂಸು ಹಿಡಿಯುತ್ತದೆ. ಒದ್ದೆ ಬಟ್ಟೆಯಿಂದ ಬೆವರು ಒರೆಸಿ, ಗ್ಲಿಸರಿನ್ ಸೋಪ್ ಹಚ್ಚಿ, ನೆರಳಿನಲ್ಲಿ ಗಾಳಿಗೆ ಒಣಗಿಸಿ. ನಿಯೋಪ್ರೀನ್ ತೊಳೆಯಲು ಸುಲಭ, ಆದರೆ ಶಾಖ ಹಿಡಿದಿಡುತ್ತದೆ, ಸೂಕ್ಷ್ಮ ಚರ್ಮಕ್ಕೆ ಕಿರಿಕಿರಿ. ಕುರಿ ಉಣ್ಣೆಯ ಕವರ್ ಮೆತ್ತಗೆ, ಬೆವರನ್ನೂ ಹೀರುತ್ತದೆ. ಆದರೆ ಒಣಗಲು ಹೊತ್ತು ಬೇಕು, ಎರಡು ಇಟ್ಟುಕೊಳ್ಳಿ. ಲಾಯದಲ್ಲಿ ಒಂದೇ ಗರ್ತನ್ನು ಹತ್ತು ಕುದುರೆಗೆ ಸುತ್ತಬೇಡಿ. ರಿಂಗ್‌ವರ್ಮ್ ಹೀಗೂ ಹರಡುತ್ತದೆ.

7. ಹಂತ ಹಂತವಾಗಿ ಬಿಗಿಯಿರಿ.
ಮೊದಲು ಸಡಿಲವಾಗಿ ಹಾಕಿ. ಸ್ವಲ್ಪ ನಡೆಸಿ, ಮತ್ತೊಂದು ರಂಧ್ರ. ಹತ್ತಿದ ಮೇಲೆ ಇನ್ನೊಮ್ಮೆ ನೋಡಿ. ಎರಡೂ ಬದಿ ಸಮನಾದ ರಂಧ್ರದಲ್ಲಿರಲಿ. ಮುಂಗಾಲುಗಳನ್ನು ಒಂದೊಂದಾಗಿ ಮುಂದಕ್ಕೆ ಎಳೆದು ಚರ್ಮದ ಸುಕ್ಕು ಬಿಡಿಸಿ. ಬಿಗಿಯನ್ನು ಪಕ್ಕೆಯಲ್ಲಿ ನೋಡಬೇಡಿ, ಎದೆಯ ನಡುವೆ ಎರಡು ಬೆರಳು ಚಪ್ಪಟೆಯಾಗಿ ತೂರಿಸಿ ನೋಡಿ. ಬಿಗಿಯುವಾಗ ಕುದುರೆ ಕಿವಿ ಹಿಂದೆ ಮಾಡಿ ಕಚ್ಚಲು ಬಂದರೆ ಗದರಬೇಡಿ. ಹಳೆಯ ಗಾಯ, ಹೊಂದದ ಜೀನು, ಹೊಟ್ಟೆಯ ಹುಣ್ಣು, ಇವುಗಳಲ್ಲಿ ಏನಾದರೂ ಇರಬಹುದು. ವೆಟ್‌ಗೆ ತೋರಿಸಿ.

8. ಹೊಲಿಗೆ ನೋಡದೆ ಹತ್ತಬೇಡಿ.
ಜೀನಿನ ಮೊದಲ ಬಿಲೆಟ್ ಸಾಮಾನ್ಯವಾಗಿ ಒಂದು ನೇಯ್ಗೆ ಪಟ್ಟಿಗೆ, ಎರಡನೆಯದೂ ಮೂರನೆಯದೂ ಇನ್ನೊಂದು ಪಟ್ಟಿಗೆ ಹೊಲಿದಿರುತ್ತವೆ. ಆದ್ದರಿಂದ ಬಕಲ್ ಹಾಕುವಾಗ ಮೊದಲನೆಯದನ್ನು ಬಿಡಬೇಡಿ, ಅದರ ಜೊತೆಗೆ ಉಳಿದೆರಡರಲ್ಲಿ ಒಂದನ್ನು ಹಾಕಿ. ಒಂದು ಪಟ್ಟಿ ಕಿತ್ತರೂ ಇನ್ನೊಂದು ಹಿಡಿದುಕೊಳ್ಳುತ್ತದೆ. ಎಲಾಸ್ಟಿಕ್ ಜೋತುಬಿದ್ದಿದ್ದರೆ, ದಾರ ಬಿಚ್ಚಿದ್ದರೆ, ಬಕಲ್‌ನ ನಾಲಿಗೆ ಸೊಟ್ಟಗಾಗಿದ್ದರೆ, ಆ ಗರ್ತನ್ನು ಅಂದೇ ಬದಲಿಸಿ. ಸರ್ಕಾರಿ ಕಿಟ್ ಆದರೆ ಇನ್‌ಸ್ಟ್ರಕ್ಟರ್‌ಗೆ ತೋರಿಸಿ, ಬೇರೆಯದನ್ನು ಕೇಳಿ ಪಡೆಯಿರಿ.