ಒಂದೇ ಲಸಿಕೆ, ಬೇರೆ ಬೇರೆ ಫಲ

ಲಸಿಕೆಯೊಂದು ನೂರಕ್ಕೆ 78ರಷ್ಟು ರಕ್ಷಣೆ ನೀಡುವುದೆಂದು ಕೇಳಿದೊಡನೆ, ಅದನ್ನು ಹಾಕಿಸಿಕೊಂಡ ನೂರು ಮಂದಿಯಲ್ಲಿ 22 ಮಂದಿಗೆ ರೋಗ ತಗಲುವುದೆಂದು ನಾವು ಭಾವಿಸುವುದುಂಟು. ಇದು ತಪ್ಪು ಎಣಿಕೆ. ಆ ಅಂಕಿಯ ನಿಜವಾದ ಅರ್ಥವೇನೆಂಬುದನ್ನು ನಮ್ಮ ದೇಶದಲ್ಲಿಯೇ ತಯಾರಾದ ಕೋವ್ಯಾಕ್ಸಿನ್ ಲಸಿಕೆಯ ನಿದರ್ಶನದಿಂದ ತಿಳಿಯೋಣ.

ಈ ಲಸಿಕೆಯ ಮೂರನೆಯ ಹಂತದ ಪ್ರಯೋಗ 2020ರ ನವೆಂಬರಿನಲ್ಲಿ ಆರಂಭವಾಯಿತು. ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಲಸಿಕೆಯನ್ನೂ ಇನ್ನೊಂದಕ್ಕೆ ಲಸಿಕೆಯ ಸತ್ವವಿಲ್ಲದ ಚುಚ್ಚುಮದ್ದನ್ನೂ ಕೊಟ್ಟರು. ಲೆಕ್ಕಕ್ಕೆ ತೆಗೆದುಕೊಂಡ ಪ್ರತಿ ಗುಂಪಿನಲ್ಲಿಯೂ ಸುಮಾರು 8,500 ಮಂದಿ ಇದ್ದರು. ಮೊದಲ ಗುಂಪಿನಲ್ಲಿ 24 ಮಂದಿಗೆ, ಎರಡನೆಯದರಲ್ಲಿ 106 ಮಂದಿಗೆ ರೋಗಲಕ್ಷಣಗಳು ತೋರಿದವು. ಪ್ರತಿಯೊಬ್ಬರನ್ನೂ ಗಮನಿಸಿದ ಕಾಲಾವಧಿಯನ್ನು ಸೇರಿಸಿ ಗಣಿಸಿದಾಗ ರಕ್ಷಣೆ ನೂರಕ್ಕೆ 77.8 ಎಂದು ತಿಳಿದುಬಂತು. ಲಸಿಕೆ ಪಡೆದವರಲ್ಲಿ ರೋಗಕ್ಕೆ ತುತ್ತಾದವರು ಸಾವಿರಕ್ಕೆ ಮೂವರು ಮಾತ್ರ. ಆದುದರಿಂದ ಈ ಅಂಕಿ ಎರಡು ಗುಂಪುಗಳ ಹೋಲಿಕೆಯೇ ಹೊರತು ರೋಗಿಗಳ ಎಣಿಕೆಯಲ್ಲ.

ಮುಂದೆ 2021ರ ಏಪ್ರಿಲ್ 15ರಿಂದ ಮೇ 15ರವರೆಗೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ, ರೋಗಲಕ್ಷಣ ಕಂಡು ಪರೀಕ್ಷೆಗೆ ಬಂದ 2,714 ಮಂದಿ ಸಿಬ್ಬಂದಿಯ ವಿವರಗಳನ್ನು ಪರಿಶೀಲಿಸಲಾಯಿತು. ಎರಡನೆಯ ಚುಚ್ಚುಮದ್ದಾಗಿ ಎರಡು ವಾರ ಕಳೆದವರಲ್ಲಿ ಅದೇ ಲಸಿಕೆಯ ರಕ್ಷಣೆ ನೂರಕ್ಕೆ ಸುಮಾರು 50 ಮಾತ್ರ!

ಹಾಗಾದರೆ ಪ್ರಯೋಗ ಸುಳ್ಳಾಯಿತೆ? ಇಲ್ಲ. ಸನ್ನಿವೇಶ ಬದಲಾಗಿತ್ತು. ಮೊದಲನೆಯದಾಗಿ, ಆಗ ದೆಹಲಿಯಲ್ಲಿ ಪ್ರಬಲವಾಗಿದ್ದುದು ಡೆಲ್ಟಾ ಎಂಬ ಮಾರ್ಪಟ್ಟ ವೈರಸ್ಸು. ಮೂಲ ಪ್ರಯೋಗದಲ್ಲಿಯೇ ಡೆಲ್ಟಾದ ವಿರುದ್ಧ ರಕ್ಷಣೆ 65.2ಕ್ಕೆ ಇಳಿದಿತ್ತು. ಎರಡನೆಯದಾಗಿ, ಆಸ್ಪತ್ರೆಯ ಸಿಬ್ಬಂದಿಗೆ ರೋಗಿಗಳ ಸಂಪರ್ಕ ದಿನವೂ ಒದಗುತ್ತಿತ್ತು. ಅಧ್ಯಯನದ ವಿಧಾನವೂ ಬೇರೆಯಾಗಿತ್ತು.

ಸಾಮಾನ್ಯ ಜನಜೀವನದಲ್ಲಿ ಇನ್ನೂ ಕೆಲವು ಕಾರಣಗಳು ಸೇರುತ್ತವೆ. ವೃದ್ಧರಲ್ಲಿಯೂ, ಅಂಗಾಂಗ ಕಸಿಯ ಅನಂತರ ರೋಗನಿರೋಧಕ ಶಕ್ತಿಯನ್ನು ಅಡಗಿಸುವ ಔಷಧ ಸೇವಿಸುವವರಲ್ಲಿಯೂ ಲಸಿಕೆಗೆ ದೇಹದ ಪ್ರತಿಕ್ರಿಯೆ ಮಂದವಾಗಿರುತ್ತದೆ. ತಿಂಗಳುಗಳು ಕಳೆದಂತೆ ಪ್ರತಿಕಾಯಗಳು ಕುಗ್ಗುತ್ತವೆ. ಈ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಕಾಪಾಡದಿದ್ದರೆ ಅದರ ಸತ್ವ ಕುಂದಬಹುದು. ಲಸಿಕೆ ಪಡೆಯದವರಲ್ಲಿ ಅನೇಕರಿಗೆ ಹಿಂದೆಯೇ ಸೋಂಕು ತಗಲಿ ಸಹಜ ರಕ್ಷಣೆ ದೊರೆತಿದ್ದರೆ, ಎರಡು ಗುಂಪುಗಳ ಅಂತರ ಕಿರಿದಾಗಿ ಲಸಿಕೆ ದುರ್ಬಲವೆಂಬಂತೆ ತೋರುತ್ತದೆ.

ಯಾವುದನ್ನು ಅಳೆಯುತ್ತೇವೆಂಬುದೂ ಮುಖ್ಯ. ಅದೇ ಮೂಲ ಪ್ರಯೋಗದಲ್ಲಿ ತೀವ್ರ ರೋಗದ ವಿರುದ್ಧ ರಕ್ಷಣೆ 93.4ರಷ್ಟಿತ್ತು.

ದೆಹಲಿಯಲ್ಲಿ ಆಸ್ಪತ್ರೆಯ ಹಾಸಿಗೆಗಾಗಿ ಜನ ಪರದಾಡುತ್ತಿದ್ದ ಆ ದಿನಗಳಲ್ಲಿ, ಚಿಕಿತ್ಸೆ ನೀಡಬೇಕಾದವರಲ್ಲಿ ರೋಗದ ಸಂಭವ ಅರ್ಧಕ್ಕೆ ಇಳಿಯುವುದು ಅಲ್ಪ ಲಾಭವಲ್ಲ. ಆದುದರಿಂದ ಇಂತಹ ಅಂಕಿ ಕಣ್ಣಿಗೆ ಬಿದ್ದಾಗಲೆಲ್ಲ ನಾವು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಯಾವುದರ ವಿರುದ್ಧ? ಯಾರಲ್ಲಿ? ಯಾವಾಗ? ಯಾರೊಡನೆ ಹೋಲಿಸಿ? ಇವುಗಳಿಗೆ ಉತ್ತರ ದೊರೆತ ಮೇಲೆಯೇ ಅಂಕಿಗೆ ಅರ್ಥ ಬರುತ್ತದೆ.