ಗುಡ್ಡವಿಲ್ಲದ ಊರಲ್ಲಿ ಗುಡ್ಡದ ಸೈಕಲ್ಲು

ಮುಂದಿನ ಗಾಲಿಗೆ ಸಸ್ಪೆನ್ಷನ್, ದಪ್ಪ ಹಲ್ಲಿನ ಟೈರು, ಇಪ್ಪತ್ತೊಂದು ಗೇರು. ಈ ಸೈಕಲ್ಲನ್ನು ಮನೆ ಮುಂದೆ ತಂದು ನಿಲ್ಲಿಸಿದ ದಿನ ಪಕ್ಕದ ಮನೆಯ ಕಾಕಾ ಅದರ ಸುತ್ತ ಎರಡು ಸಲ ತಿರುಗಿ, "ಗುಡ್ಡಾ ಹತ್ತೂ ಸೈಕಲ್ ಅಂತಿ. ಗುಡ್ಡ ಎಲ್ಲೈತೋ ತಮ್ಮಾ?" ಎಂದರು. ನಾನು ಸುಮ್ಮನಾದೆ. ವಿಜಯಪುರದಲ್ಲಿ ಕತ್ತೆತ್ತಿ ನೋಡುವಂಥದ್ದೆಂದರೆ ಗೋಳಗುಮ್ಮಟ, ಅದು ಬಿಟ್ಟರೆ ಉಪ್ಲಿ ಬುರುಜು. ಎರಡನ್ನೂ ಸೈಕಲ್ ಮೇಲೆ ಹತ್ತಲು ಬರುವುದಿಲ್ಲ.

ಸೈಕಲ್ಲು ಈ ಊರಿಗೆ ಹೊಸತೇನಲ್ಲ. ಬೆಳಕು ಹರಿಯುವ ಮೊದಲೇ ಹೆದ್ದಾರಿಯಲ್ಲಿ ಬಾಗಿ ಕೂತು ಸಾಲಾಗಿ ಹೋಗುವ ಹುಡುಗ-ಹುಡುಗಿಯರನ್ನು ನೋಡುತ್ತಲೇ ನಾವು ಬೆಳೆದದ್ದು. ವಿಜಯಪುರ, ಬಾಗಲಕೋಟೆ ಕಡೆಯವರು ರಾಷ್ಟ್ರೀಯ ಕೂಟಗಳಿಂದ ಪದಕ ತಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಅವರದು ಡಾಂಬರು, ತೆಳು ಟೈರು. ನನಗೆ ಮಣ್ಣಿನ ಹುಚ್ಚು ಹಿಡಿದದ್ದು ಗದಗದಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ನಡೆದ ಮೇಲೆ. ಗದಗಿನವರಿಗೆ ಕಪ್ಪತಗುಡ್ಡವಾದರೂ ಇದೆ. ನಮಗೇನಿದೆ? ಕೆರೆ ಇದೆ, ಎರೆ ಇದೆ, ಜಾಲಿ ಇದೆ.

ಜಾಲಿಯಿಂದಲೇ ಪಾಠ ಶುರುವಾಯಿತು. ಭೂತನಾಳ ಕೆರೆಯ ಆಸುಪಾಸಿನ ಕಾಲುದಾರಿಯಲ್ಲಿ ಮೊದಲ ದಿನ ಹೋದದ್ದು ಮೂರು ಕಿಲೋಮೀಟರು, ಆದ ಪಂಚರು ಎರಡು. ಹವಾ ಬಿಗಿಯಾಗಿದ್ದರೆ ಮುಳ್ಳು ಹೊಗುವುದಿಲ್ಲ ಎಂದುಕೊಂಡು ಟೈರನ್ನು ಕಲ್ಲು ಮಾಡಿಕೊಂಡು ಹೋಗಿದ್ದೆ. ಸೈಕಲ್ ಅಂಗಡಿಯ ಚಾಚಾ ಹೆಬ್ಬೆರಳಲ್ಲಿ ಒತ್ತಿ ನೋಡಿ ನಕ್ಕರು. "ಇದು ಲಾರಿ ಅಲ್ರೀ ಸಾಹೇಬ್ರ, ಹವಾ ಕಮ್ಮಿ ಮಾಡ್ರಿ." ಅರವತ್ತರಿಂದ ಮೂವತ್ತೈದಕ್ಕೆ ಇಳಿಸಿದರು. ಅದಕ್ಕೇನೂ ಮುಳ್ಳು ಹೆದರಲಿಲ್ಲ. ಆದರೆ ಗರಸಿನ ಮೇಲೆ ಗಾಲಿ ಪುಟಿಯುವುದು ನಿಂತು, ನೆಲವನ್ನು ಕಚ್ಚಿಕೊಂಡು ಹೋಗತೊಡಗಿತು. ಸಂಜೆ ಮಣಿಕಟ್ಟು ಹಿಡಿದುಕೊಂಡು ಕೂಡುವುದೂ ತಪ್ಪಿತು.

ಚಾಚಾ ಕಲಿಸಿದ ದೊಡ್ಡ ವಿದ್ಯೆ ಬೇರೆ. ಟ್ಯೂಬಿಗೆ ತೇಪೆ ಹಚ್ಚಿ ಹಾಗೇ ಒಳಗಿಟ್ಟರೆ ನೂರು ಹೆಜ್ಜೆಗೆ ಮತ್ತೆ ಪಂಚರು, ಏಕೆಂದರೆ ಜಾಲಿ ಮುಳ್ಳು ಮುರಿದು ತುದಿ ಟೈರಿನಲ್ಲೇ ಉಳಿದಿರುತ್ತದೆ. ಅವರು ಹಳೇ ಬನಿಯನ್ ತುಂಡೊಂದನ್ನು ಟೈರಿನ ಒಳಮೈಗೆ ಮೆಲ್ಲಗೆ ಸವರುತ್ತ ಬಂದರು. ಒಂದು ಕಡೆ ಬಟ್ಟೆಯ ಎಳೆ ಸಿಕ್ಕಿ ನಿಂತಿತು. ಅಲ್ಲಿ ಇಕ್ಕಳ ಹಾಕಿ ಎಳೆದರೆ ಹೊರಬಂದದ್ದು ಎಳ್ಳುಕಾಳಿನಷ್ಟು ತುದಿ. ಕಣ್ಣಿಗೆ ಕಾಣದ್ದು, ಬೆರಳಿಗೂ ಹತ್ತದ್ದು ಬನಿಯನ್ನಿಗೆ ಸಿಗುತ್ತದೆ. ಈಗ ನನ್ನ ಚೀಲದಲ್ಲಿ ಪಂಪು, ಸೊಲ್ಯೂಷನ್ ಜೊತೆ ಒಂದು ಹರಕು ಬನಿಯನ್ನೂ ಇರುತ್ತದೆ. ನೆಗ್ಗಿಲು ಮುಳ್ಳಿನ ಲೆಕ್ಕ ಮತ್ತೊಂದು. ಹೇಗೆ ಬಿದ್ದರೂ ಅದರ ಒಂದು ಕೊಂಬು ಮೇಲಕ್ಕೇ ಇರುತ್ತದೆ. ಅದು ಚುಚ್ಚಿದ್ದು ಕಂಡ ಕೂಡಲೇ ಕೀಳಲು ಹೋಗಬಾರದು. ತೂತು ಮಾಡಿದ್ದು ಅದೇ, ತೂತು ಮುಚ್ಚಿಕೊಂಡಿರುವುದೂ ಅದೇ. ಹಾಗೇ ಬಿಟ್ಟರೆ ಎಷ್ಟೋ ಸಲ ಮನೆ ಮುಟ್ಟುತ್ತೇವೆ.

ಎರೆಯ ಪಾಠ ಸಾರವಾಡದ ಹತ್ತಿರ, ಡೋಣಿ ನದಿಯ ಸೀಮೆಯಲ್ಲಿ ಆಯಿತು. ಡೋಣಿ ಬೆಳೆದರೆ ಓಣಿ ತುಂಬ ಜೋಳ ಎನ್ನುತ್ತಾರೆ; ಆ ಮಣ್ಣು ಜೋಳಕ್ಕೆ ಎಷ್ಟು ಒಳ್ಳೆಯದೋ ಸೈಕಲ್ಲಿಗೆ ಅಷ್ಟೇ ಕೆಟ್ಟದ್ದು. ಜೂನ್ ತಿಂಗಳು, ಹಿಂದಿನ ರಾತ್ರಿ ಒಂದು ಹದ ಮಳೆ ಆಗಿತ್ತು. ಬಂಡಿ ದಾರಿ ಮೇಲೆ ಒಣಗಿದಂತೆ ಕಂಡಿತು, ಇಳಿಸಿದೆ. ಹತ್ತು ಮಾರು ಹೋಗುವುದರೊಳಗೆ ಟೈರಿನ ಹಲ್ಲು ಮುಚ್ಚಿ ಗಾಲಿ ನುಣ್ಣಗಾಯಿತು. ಆ ಮೆತ್ತಿದ ಮಣ್ಣಿಗೆ ಇನ್ನೊಂದು ಪದರ ಮೆತ್ತಿತು, ಫೋರ್ಕಿನ ಸಂದಿ ತುಂಬಿತು, ಗಾಲಿ ಗಕ್ಕನೆ ನಿಂತಿತು. ಇಳಿದೆ. ಚಪ್ಪಲಿ ಎರೆಯಲ್ಲಿ ಉಳಿಯಿತು, ಕಾಲು ಮಾತ್ರ ಮೇಲೆ ಬಂತು. ತಳ್ಳಿದಷ್ಟೂ ಗಾಲಿ ಮಣ್ಣು ಸುತ್ತಿಕೊಳ್ಳುತ್ತಿತ್ತು. ಕೊನೆಗೆ ಹೆಗಲ ಮೇಲೆ ಹೊತ್ತು ನಡೆದೆ. ಮೊದಲಿದ್ದ ಹದಿನಾಲ್ಕು ಕಿಲೋ ಈಗ ಎಷ್ಟಾಗಿತ್ತೋ ಆ ಬಸವಣ್ಣನೇ ಬಲ್ಲ.

ಒಡ್ಡಿನ ಮೇಲೆ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. "ಅದು ನಿಮ್ಮನ್ನ ಹೊರಬೇಕೋ, ನೀವು ಅದನ್ನ ಹೊರಬೇಕೋ ಸರ?" ಎಂದು ಕೇಳಿ, ಕೈಯಲ್ಲಿದ್ದ ಕೋಲಿನ ತುದಿಯಿಂದ ಫೋರ್ಕಿನ ಸಂದಿ ಕೆದರಿಕೊಟ್ಟರು. ಆಮೇಲೆ ಅವರು ಹೇಳಿದ ಮಾತೇ ನನಗೆ ಇಡೀ ತಾಲ್ಲೂಕಿನ ನಕಾಶೆಯಾಯಿತು: "ಮಳಿಗಾಲಕ್ಕ ನಾವು ಕುರೀನೂ ಎರಿಗೆ ಬಿಡಂಗಿಲ್ರೀ. ಮಡ್ಡಿಗೆ ಹೊಡಕೊಂಡು ಹೋಗತೀವಿ." ನಾನು ಫೋನಿನಲ್ಲಿ ಏರು-ಇಳಿವು, ದೂರ, ಸರಾಸರಿ ವೇಗ ಎಲ್ಲ ನೋಡಿದ್ದೆ. ಕಾಲಡಿಯ ಮಣ್ಣಿನ ಬಣ್ಣವೊಂದನ್ನು ನೋಡಿರಲಿಲ್ಲ.

ಅಂದಿನಿಂದ ಮಳೆಗಾಲ ಗರಸಿನ ಮಡ್ಡಿಗೆ, ಬೇಸಿಗೆ ಕರಿ ಎರೆಗೆ. ಮಳೆ ನಿಂತು ಎರಡು ದಿನ ಬಿಸಿಲು ಬಿದ್ದ ಬಂಡಿ ದಾರಿಯಂಥ ಹಾದಿ ಡಾಂಬರಿನಲ್ಲೂ ಇಲ್ಲ. ಏಪ್ರಿಲ್ ಹೊತ್ತಿಗೆ ಹೊಲದ ಬಿರುಕುಗಳು ಗಾಲಿ ನುಂಗುವಷ್ಟು ಬಾಯಿ ಬಿಡುತ್ತವೆ. ಅಡ್ಡಲಾಗಿ ದಾಟಿದರೆ ಬದುಕಿದೆ, ಉದ್ದಕ್ಕೆ ಸಿಕ್ಕರೆ ಮೂಗೇ ಮುಂದೆ.

ಮಡ್ಡಿ ಎಂದರೆ ನನಗೆ ತೊರವಿ ಕಡೆ. ಇಬ್ರಾಹಿಂ ಆದಿಲ್‌ಶಾಹಿ 1599ರಲ್ಲಿ ಕಟ್ಟಲು ತೊಡಗಿದ ನವರಸಪುರದ ಅವಶೇಷ ಅಲ್ಲಿದೆ, ಸಂಗೀತ ಮಹಲಿನ ಕಮಾನು ದೂರಕ್ಕೇ ಕಾಣುತ್ತದೆ. ಎಂಥ ಮಳೆಗೂ ಕೆಸರಾಗದ ಗರಸು. ಆದರೆ ಅಲ್ಲಿ ಕಣ್ಣು ಕಮಾನಿನ ಮೇಲಲ್ಲ, ನೆಲದ ಮೇಲಿರಬೇಕು. ಆದಿಲ್‌ಶಾಹಿಗಳು ತೊರವಿಯಿಂದ ನಗರಕ್ಕೆ ನೆಲದಡಿ ಸುರಂಗ ಕೊರೆದು ನೀರು ತಂದವರು. ಆ ಕರೇಜಿಗೆ ಗಾಳಿ ಬೆಳಕು ಬರಲಿ, ಹೂಳು ತೆಗೆಯಲು ಇಳಿಯಲಿಕ್ಕಾಗಲಿ ಎಂದು ಅಲ್ಲಲ್ಲಿ ಬಾವಿಯಂಥ ಕಿಂಡಿ ತೋಡಿದ್ದಾರೆ. ಒಮ್ಮೆ ಹುಲ್ಲಿನ ಮರೆಯಲ್ಲಿದ್ದ ಒಂದರ ಬಾಯಿಯಿಂದ ನಾಲ್ಕು ಮೊಳ ದೂರದಲ್ಲಿ ಬ್ರೇಕು ಹಿಡಿದೆ. ಗುರುತಿಲ್ಲದ ನೆಲದಲ್ಲಿ ಮೊದಲ ಸುತ್ತು ನಡೆದೇ ನೋಡುವ ಅಭ್ಯಾಸ ಆವತ್ತು ಬಂತು.

ಅಲ್ಲಿಂದ ಮುಂದೆ, ಪಡುವಣಕ್ಕೆ, ಟಿಕೋಟಾ. ಮುಂಗಾರಿನಲ್ಲಿ ಪಡುವಣ ಗಾಳಿ ಎದೆಗೇ ಹೊಡೆಯುತ್ತದೆ, ಹೋಗುವಾಗ ಬೆವರಿಳಿಸಿ ಬರುವಾಗ ತಳ್ಳಿಕೊಡುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿ; ಹೋಗುವಾಗ ನಾನೇ ಶೂರ ಎನಿಸಿ, ಬರುವಾಗ ನಿಜ ತಿಳಿಯುತ್ತದೆ. ಟಿಕೋಟಾದ ಸುತ್ತ ದ್ರಾಕ್ಷಿ ಪಡಗಳ ನಡುವಿನ ದಾರಿಗಳು ಚಂದ, ಒಣದ್ರಾಕ್ಷಿ ಶೆಡ್ಡುಗಳ ಹುಳಿಸಿಹಿ ವಾಸನೆ ಇನ್ನೂ ಚಂದ. ಚಂದವನ್ನು ಮೂಸುತ್ತ ತಿರುವಿನಲ್ಲಿ ಹೊರಳಿದಾಗ ಪಡದ ಮೂಲೆಗಂಬವನ್ನು ನೆಲಕ್ಕೆ ಎಳೆದು ಕಟ್ಟಿದ ಓರೆ ತಂತಿಗೆ ಹ್ಯಾಂಡಲ್ ಸಿಕ್ಕಿ, ಸೈಕಲ್ಲು ಅಲ್ಲೇ ನಿಂತಿತು, ನಾನು ಮುಂದೆ ಹೋದೆ. ಮಸುಕು ಬೆಳಕಿನಲ್ಲಿ ತಂತಿ ಕಾಣುವುದಿಲ್ಲ. ಮೂಲೆಗಂಬ ಕಂಡಲ್ಲಿ ತಂತಿ ಇದ್ದೇ ಇರುತ್ತದೆ ಎಂದುಕೊಳ್ಳಬೇಕು.

ನಾಚಿಕೆಯಾದದ್ದು ಮಾತ್ರ ಒಂದೇ ಸಲ. ಬೇಸಿಗೆಯಲ್ಲಿ ಓಡಾಡಿ ಫೋನಿನಲ್ಲಿ ಉಳಿಸಿಕೊಂಡ ದಾರಿ ಹಿಡಿದು ಅಕ್ಟೋಬರಿನಲ್ಲಿ ಹೊರಟೆ. ದಾರಿ ನೇರ ಹೊಲದೊಳಗೆ ಹೋಯಿತು, ನಾನೂ ಹೋದೆ. "ಏ ತಮ್ಮಾ, ಬಿತ್ತಿದ ಹೊಲ ಕಾಣಸೂದಿಲ್ಲೇನು ನಿನಗ?" ಎಂದು ಆಯಿಯೊಬ್ಬರು ಬದುವಿನಿಂದ ಕೂಗಿದರು. ತಿರುಗಿ ನೋಡಿದರೆ ಮೊಳಕೆಯೊಡೆದ ಹಿಂಗಾರಿ ಜೋಳದ ಸಾಲುಗಳ ಮೇಲೆ ನನ್ನ ಟೈರಿನ ಹಲ್ಲಿನ ಅಚ್ಚು. ಸುಗ್ಗಿ ಮುಗಿದ ಮೇಲೆ ಎಲ್ಲರಿಗೂ ದಾರಿ, ಬಿತ್ತಿದ ಮೇಲೆ ಒಡೆಯನ ಹೊಲ. ಇಲ್ಲಿನ ಕಾಲುದಾರಿಗಳಿಗೂ ಬಿತ್ತನೆ, ಸುಗ್ಗಿ ಇದೆ ಎಂಬುದು ಯಾವ ಆ್ಯಪಿಗೂ ಗೊತ್ತಿಲ್ಲ. ಸೈಕಲ್ ಎತ್ತಿಕೊಂಡು ಬದು ಹಿಡಿದು ಹೊರಬಂದೆ. ಆಯಿ ಇನ್ನೂ ಬೈಯುತ್ತಲೇ ಇದ್ದರು, ಬೈಯಬೇಕಾದದ್ದೇ.

ಇಷ್ಟೆಲ್ಲ ಪೆಟ್ಟು ತಿಂದ ಮೇಲೆ ಬಬಲೇಶ್ವರ ದಾಟಿ ಮಮದಾಪುರಕ್ಕೆ ಹೋದೆ. ಕೊಂಕಣಕ್ಕೆ ಹೋಗಿಬಂದ ಮಹಮ್ಮದ್ ಆದಿಲ್‌ಶಾಹಿ ಅಂಥದೇ ಹಸಿರು ತನ್ನ ಬಯಲಲ್ಲೂ ಇರಲೆಂದು 1633ರಲ್ಲಿ ಅಲ್ಲಿ ಕೆರೆ ಕಟ್ಟಿಸಿದನೆಂದು ಕತೆ. ತುಂಬಿದ ಕೆರೆಯ ಏರಿಯ ಮೇಲೆ ನಿಂತರೆ ಆಚೆ ದಡ ಕಣ್ಣಿಗೆ ಸಣ್ಣದಾಗಿ, ಗಾಳಿಗೆ ತೆರೆಯೆದ್ದು ಕಲ್ಲಿಗೆ ಬಡಿಯುತ್ತದೆ. ಕರಾವಳಿಯಿಂದ ಇಷ್ಟು ದೂರದ ನಮಗೆ ಇದೇ ಸಮುದ್ರ. ಏರಿಯ ಮೇಲೆ ಸೈಕಲ್ ಹೊಡೆಯುತ್ತಿದ್ದಾಗ ಗೇರಿಲ್ಲದ ಹಳೇ ಸೈಕಲ್ಲಿನ ಹುಡುಗನೊಬ್ಬ ಕ್ಯಾರಿಯರಿಗೆ ಹುಲ್ಲಿನ ಹೊರೆ ಕಟ್ಟಿಕೊಂಡು, "ಬಾಜೂ ಸರೀರಿ ಕಾಕಾ" ಎಂದು ಗಂಟೆ ಬಾರಿಸಿ ನನ್ನನ್ನು ದಾಟಿ ಹೋದ. ಕಾಕಾ ಎಂದದ್ದೇ ಹೆಚ್ಚು ಚುಚ್ಚಿತು.

ಈಗ ಭಾನುವಾರ ಮನೆಗೆ ಬಂದ ಮೇಲೆ ಕಟ್ಟೆಯ ಮೇಲೆ ಕೂತು, ಗಾಲಿಯನ್ನು ತೊಡೆಯ ಮೇಲಿಟ್ಟುಕೊಂಡು ಪಿನ್ನಿನಿಂದ ಮುಳ್ಳು ತೆಗೆಯುತ್ತೇನೆ. ಪಕ್ಕದ ಮನೆಯ ಕಾಕಾ ಚಹಾದ ಕಪ್ಪು ಹಿಡಿದು ಬರುತ್ತಾರೆ. ಗುಡ್ಡದ ಮಾತು ಬಿಟ್ಟು ಬಹಳ ದಿನವಾಯಿತು.

"ಇವತ್ತು ಎಷ್ಟೋ?"

"ಏಳು, ಕಾಕಾ."

"ಹೋದ ವಾರ ಹನ್ನೊಂದಿದ್ದೂ," ಎನ್ನುತ್ತ, ತುದಿ ಮುರಿದಿದೆಯೇ ಎಂದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ.