ಮೊದಲು ಹಿಡಿದವರದೇ ಹೆಸರೇ? – ಒಂದು ಅಭ್ಯಾಸ ಪಾಠ

ಬನಶಂಕರಿಯ ಪ್ರೌಢಶಾಲೆಯೊಂದರ ಒಂಬತ್ತನೇ ತರಗತಿಗೆ ಅಂತರ್ಜಾಲದ ಡೊಮೇನ್ ಹೆಸರುಗಳ ಬಗ್ಗೆ ಪಾಠ ಮಾಡಿದೆ. "ಮೊದಲು ನೋಂದಾಯಿಸಿದವರಿಗೆ ಹೆಸರು" ಎಂದು ಕಪ್ಪು ಹಲಗೆಯ ಮೇಲೆ ಬರೆದಾಗ ಒಬ್ಬ ಕೇಳಿದ: "ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗಾ ಮಿಸ್?" ನನ್ನ ಪಾಠ ಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಮರುದಿನ ಬೆಂಗಳೂರಿನದೇ ಒಂದು ಮೊಕದ್ದಮೆಯನ್ನು ವಿವರಿಸಿದೆ. ಸತ್ಯಂ ಇನ್ಫೋವೇ ಕಂಪನಿ 1999ರಲ್ಲಿ 'ಸಿಫಿ' ಎಂಬ ಪದವಿರುವ ಡೊಮೇನ್‌ಗಳನ್ನು ನೋಂದಾಯಿಸಿತ್ತು. ಆಮೇಲೆ ಇನ್ನೊಂದು ಕಂಪನಿ ಒಂದು 'ಎಫ್' ಅಕ್ಷರ ಹೆಚ್ಚಿಸಿ 'ಸಿಫ್ಫಿನೆಟ್' ಎಂದು ನೋಂದಾಯಿಸಿತು. ಅದು ತನ್ನ ಐವರು ಪ್ರವರ್ತಕರ ಹೆಸರುಗಳ ಮೊದಲಕ್ಷರ ಎಂದು ವಾದಿಸಿತು. ಸಿಟಿ ಸಿವಿಲ್ ಕೋರ್ಟ್ ನೀಡಿದ ತಡೆಯಾಜ್ಞೆಯನ್ನು ಹೈಕೋರ್ಟ್ ರದ್ದುಪಡಿಸಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮರಳಿ ಜಾರಿಗೊಳಿಸಿತು. ಡೊಮೇನ್ ಹೆಸರು ಬರೀ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು ಎಂಬುದು ತೀರ್ಪಿನ ಸಾರ.

ಹಾಗಾದರೆ ಹೆಸರು ಮಾರುವುದೇ ತಪ್ಪೇ? ಗುಂಪು ಚರ್ಚೆಯಲ್ಲಿ ಮಕ್ಕಳೇ ಗೆರೆ ಎಳೆದರು: 'ಮಾವು' ಎಂಬಂಥ ಸಾಮಾನ್ಯ ಪದವನ್ನು ಕೊಂಡು ಲಾಭಕ್ಕೆ ಮಾರಬಹುದು, ಇನ್ನೊಬ್ಬರು ದುಡಿದು ಬೆಳೆಸಿದ ಹೆಸರನ್ನು ಅವರಿಗೇ ಮಾರಲೆಂದು ಹಿಡಿದಿಡುವುದು ಅನ್ಯಾಯ.

"ದೊಡ್ಡ ಕಂಪನಿಯೇ ಚಿಕ್ಕವರ ಹೆಸರು ಕಿತ್ತುಕೊಂಡರೆ?" ಎಂದಳು ಒಬ್ಬಳು. ಡೊಮೇನ್ ವ್ಯಾಜ್ಯಗಳ ಅಂತರರಾಷ್ಟ್ರೀಯ ನಿಯಮಗಳು ಅಂಥ ದೂರನ್ನೂ ದುರುಪಯೋಗವೆಂದೇ ಕರೆಯುತ್ತವೆ ಎಂದೆ.

ಸೀಟಿನ ಹಿಂದೆ ಯಾರ ಶ್ರಮವೂ ಇಲ್ಲ, ಹೆಸರಿನ ಹಿಂದೆ ಇರಬಹುದು. ಮುಂದಿನ ಬಾರಿ ಪಾಠದ ಪೀಠಿಕೆಯನ್ನು ಆ ಟವೆಲಿನಿಂದಲೇ ಆರಂಭಿಸುತ್ತೇನೆ.